ಕೊಬ್ಬಿನ ವಿಚಾರದಲ್ಲಿ ನಮ್ಮ ಜಾಣಕುರುಡು

ಕಳೆದ ಮಳೆಗಾಲದಲ್ಲಿ ನಮ್ಮ ಬಳಗದ ಹಿರಿಯರೊಬ್ಬರು ಎದೆನೋವಿನಿಂದ ಆಸ್ಪತ್ರೆ ಸೇರಿದರು. ಎರಡು ವರ್ಷದ ಹಿಂದಷ್ಟೇ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡಿದ್ದವರು ಅವರು. ವೈದ್ಯರು ಬರೆದುಕೊಟ್ಟಿದ್ದ ಸ್ಟ್ಯಾಟಿನ್ ಮಾತ್ರೆಯನ್ನು ಎಂಟು ತಿಂಗಳಿಂದ ನುಂಗಿಯೇ ಇಲ್ಲವೆಂಬ ಸಂಗತಿ ಆಗ ಬಯಲಾಯಿತು. ಏಕೆಂದು ಕೇಳಿದರೆ ದಿಂಬಿನ ಬಳಿಯಿದ್ದ ಮೊಬೈಲು ತೆಗೆದು ಒಂದು ಸಂದೇಶ ತೋರಿಸಿದರು. ಕೊಲೆಸ್ಟರಾಲ್ ಎಂಬುದೇ ಔಷಧ ಕಂಪನಿಗಳ ಮೋಸ, ಅಮೆರಿಕದ ಸರ್ಕಾರವೇ ತಪ್ಪೊಪ್ಪಿಕೊಂಡಿದೆ, ಅಜ್ಜಿ ತಿನ್ನುತ್ತಿದ್ದ ತುಪ್ಪವನ್ನು ತಿನ್ನಿ, ಮಾತ್ರೆಯನ್ನು ಬಿಸಾಡಿ ಎಂಬುದು ಅದರ ತಾತ್ಪರ್ಯ. ಸಂದೇಶ ಅಚ್ಚ ಕನ್ನಡದಲ್ಲಿತ್ತು. ಕಾಗುಣಿತದ ತಪ್ಪು ಒಂದೂ ಇರಲಿಲ್ಲ. ಅದು ಅವರಿಗೆ ತಲುಪಿದ್ದು ಎಲ್ಲಿಂದಲೋ ಅಲ್ಲ, ನಮ್ಮದೇ ಬಳಗದ ವಾಟ್ಸಾಪ್ ಗುಂಪಿನಿಂದ. ಅದರ ಕೆಳಗೆ ನಮ್ಮಲ್ಲೇ ಏಳೆಂಟು ಮಂದಿ ಕೈಮುಗಿದ ಚಿತ್ರ ಹಾಕಿದ್ದೆವು.

ಹಿರಿಯರು ಚೇತರಿಸಿಕೊಂಡಿದ್ದಾರೆ. ಆದರೆ ಕೈಮುಗಿದವರು ನಾವು. ಆ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ. ಇಲ್ಲಿ ಬರೆಯುತ್ತಿರುವುದು ವೈದ್ಯಕೀಯ ಸಲಹೆಯಲ್ಲ, ಜಗಳ. ಮೊದಲ ಜಗಳ ನಮ್ಮೊಡನೆಯೇ.

ನಮ್ಮ ಭಾಷೆ ಈ ವಸ್ತುವಿನ ವಿಷಯದಲ್ಲಿ ಮೊದಲಿನಿಂದಲೂ ಎರಡು ಮನಸ್ಸಿನದು. ಸೊಕ್ಕಿದವನನ್ನು ‘ಅವನಿಗೆ ಕೊಬ್ಬು’ ಎನ್ನುತ್ತೇವೆ. ಮುಂದೆ ಸರಿಯದ ಕಚೇರಿಯನ್ನು ಜಿಡ್ಡುಗಟ್ಟಿದೆ ಎನ್ನುತ್ತೇವೆ. ಇತ್ತ ಸಂಸ್ಕೃತದಿಂದ ಪಡೆದ ‘ಸ್ನೇಹ’ ಎಂಬ ಪದಕ್ಕೆ ಗೆಳೆತನವೆಂಬ ಅರ್ಥವೂ ಉಂಟು, ಎಣ್ಣೆ ತುಪ್ಪಗಳೆಂಬ ಅರ್ಥವೂ ಉಂಟು. ಒಂದೇ ವಸ್ತು ಒಮ್ಮೆ ದುರಹಂಕಾರ, ಒಮ್ಮೆ ಪ್ರೀತಿ. ಕಾವ್ಯಕ್ಕೆ ಇದು ಸೊಗಸು. ಅಡುಗೆಮನೆಗೂ ಆಸ್ಪತ್ರೆಗೂ ಇದೇ ಮನೋಧರ್ಮವನ್ನು ಹೊತ್ತುಕೊಂಡು ಹೋದಾಗ ಅನಾಹುತ. ನಮ್ಮ ಸಭೆಗಳ ಉಪಾಹಾರದ ಮೇಜಿನ ಸುತ್ತ ಇಂದು ಇರುವುದು ಎರಡು ಪಂಥ. ಒಂದು, ಎಣ್ಣೆಯ ಹನಿಯನ್ನು ಕಂಡರೆ ಬೆಚ್ಚಿಬೀಳುವ ನಿರ್ಜಿಡ್ಡಿನ ಪಂಥ. ಇನ್ನೊಂದು, ತುಪ್ಪವನ್ನು ಅಮೃತವೆನ್ನುವ ಪಂಥ. ಇಬ್ಬರೂ ಕೊಬ್ಬನ್ನು ಒಂದೇ ವಸ್ತುವೆಂದು ತಿಳಿದಿದ್ದಾರೆ. ಅದಕ್ಕೊಂದು ಶೀಲವನ್ನು ಆರೋಪಿಸಿದ್ದಾರೆ. ನಮ್ಮ ತಕರಾರು ಇರುವುದೇ ಅಲ್ಲಿ.

ದೆಹಲಿಯ ಕನ್ನಡಿಗರಿಗೆ ಒಂದು ಪ್ರಯೋಗ ಪ್ರತಿ ಡಿಸೆಂಬರಿನಲ್ಲೂ ಪುಕ್ಕಟೆಯಾಗಿ ನಡೆಯುತ್ತದೆ. ಊರಿನಿಂದ ತಂದ ಕೊಬ್ಬರಿ ಎಣ್ಣೆ ಶೀಶೆಯೊಳಗೆ ಕಲ್ಲಾಗಿರುತ್ತದೆ. ಪಕ್ಕದಲ್ಲಿರುವ ಎಳ್ಳೆಣ್ಣೆ ನೀರಿನಂತೆಯೇ ಇರುತ್ತದೆ. ಏಕೆ? ಎಣ್ಣೆಯಾಗಲಿ ತುಪ್ಪವಾಗಲಿ ಬಹುಪಾಲು ಟ್ರೈಗ್ಲಿಸರೈಡುಗಳಿಂದಾದದ್ದು, ಅಂದರೆ ಒಂದು ಗ್ಲಿಸರಾಲ್ ಅಣುವಿಗೆ ಜೋತುಬಿದ್ದ ಮೂರು ಕೊಬ್ಬಿನಾಮ್ಲಗಳು. ಈ ಆಮ್ಲಗಳ ಸರಪಳಿಯ ತುಂಬ ಜಲಜನಕವಿದ್ದು ದ್ವಿಬಂಧವೇ ಇಲ್ಲದಿದ್ದರೆ ಅದು ಪರ್ಯಾಪ್ತ, ಲೇಬಲ್ಲಿನ ಭಾಷೆಯಲ್ಲಿ ಸ್ಯಾಚುರೇಟೆಡ್. ಅಂಥ ಸರಪಳಿ ನೇರವಾಗಿರುತ್ತದೆ. ದ್ವಿಬಂಧವಿರುವ ಅಪರ್ಯಾಪ್ತ ಸರಪಳಿ ಆ ಜಾಗದಲ್ಲಿ ಬಾಗುತ್ತದೆ. ಸೌದೆ ಒಟ್ಟಿದವರಿಗೆ ಉಳಿದದ್ದನ್ನು ಹೇಳಬೇಕಾಗಿಲ್ಲ: ನೇರ ಕಟ್ಟಿಗೆ ಒತ್ತಾಗಿ ಕೂರುತ್ತದೆ, ಸೊಟ್ಟ ಕೊಂಬೆಗಳ ನಡುವೆ ಸಂದು ಉಳಿಯುತ್ತದೆ. ಒತ್ತಾಗಿ ಕೂತದ್ದು ಗಟ್ಟಿ, ಸಂದು ಉಳಿದದ್ದು ದ್ರವ. ಕೊಬ್ಬರಿ ಎಣ್ಣೆಯಲ್ಲಿ ಪರ್ಯಾಪ್ತ ಕೊಬ್ಬು ಶೇ. 90ರ ಆಸುಪಾಸು, ತುಪ್ಪದಲ್ಲಿ ಶೇ. 60ಕ್ಕೂ ಮೇಲೆ, ತಾಳೆ ಎಣ್ಣೆಯಲ್ಲಿ ಸುಮಾರು ಅರ್ಧ. ಶೇಂಗಾ, ಎಳ್ಳು, ಕುಸುಬೆ, ಸೂರ್ಯಕಾಂತಿ ಎಣ್ಣೆಗಳಲ್ಲಿ ಅದು ಐದನೆಯ ಒಂದು ಭಾಗ ಅಥವಾ ಅದಕ್ಕಿಂತ ಕಡಿಮೆ.

ಇನ್ನು ಕೊಲೆಸ್ಟರಾಲ್. ಅದು ಈ ಕೊಬ್ಬುಗಳ ದಾಯಾದಿಯೇ ಹೊರತು ಅದೇ ಅಲ್ಲ. ಗ್ರೀಕಿನಲ್ಲಿ ‘ಕೊಲೆ’ ಎಂದರೆ ಪಿತ್ತ, ‘ಸ್ಟೀರಿಯೊಸ್’ ಎಂದರೆ ಗಟ್ಟಿಯಾದದ್ದು. ಪಿತ್ತದ ಕಲ್ಲುಗಳಲ್ಲಿ ಮೊದಲು ಸಿಕ್ಕಿದ್ದರಿಂದ ಆ ಹೆಸರು. (ನಮ್ಮ ಕನ್ನಡದ ‘ಕೊಲೆ’ಗೂ ಅದಕ್ಕೂ ಸಂಬಂಧವಿಲ್ಲ, ಆದರೆ ಈ ಶ್ಲೇಷೆಯನ್ನು ಬಳಸದ ಆರೋಗ್ಯ ಅಂಕಣವನ್ನು ನಾವು ಇದುವರೆಗೆ ಕಂಡಿಲ್ಲ.) ಜೀವಕೋಶದ ಪೊರೆಗೆ, ಪಿತ್ತರಸಕ್ಕೆ, ವಿಟಮಿನ್ ‘ಡಿ’ಗೆ, ಲೈಂಗಿಕ ಹಾರ್ಮೋನುಗಳಿಗೆ ಅದು ಬೇಕೇ ಬೇಕು. ಹೆಚ್ಚಿನ ಪಾಲನ್ನು ದೇಹವೇ ತಯಾರಿಸಿಕೊಳ್ಳುತ್ತದೆ. ಅದರಲ್ಲಿ ಯಕೃತ್ತಿನ ಪಾತ್ರ ದೊಡ್ಡದು.

ಸಂದೇಶದ ಅರ್ಧಸತ್ಯ ಹುಟ್ಟಿದ್ದು ಇಲ್ಲಿಯೇ. ದಿನಕ್ಕೆ 300 ಮಿಲಿಗ್ರಾಂಗಿಂತ ಹೆಚ್ಚು ಕೊಲೆಸ್ಟರಾಲ್ ತಿನ್ನಬಾರದೆಂಬ ಮಿತಿಯನ್ನು ಅಮೆರಿಕದ ಆಹಾರ ಮಾರ್ಗಸೂಚಿ 2015ರ ಆವೃತ್ತಿಯಲ್ಲಿ ಕೈಬಿಟ್ಟದ್ದು ನಿಜ. ತಟ್ಟೆಯಲ್ಲಿರುವ ಕೊಲೆಸ್ಟರಾಲಿಗಿಂತ ತಟ್ಟೆಯಲ್ಲಿರುವ ಪರ್ಯಾಪ್ತ ಕೊಬ್ಬು ರಕ್ತದ ಕೊಲೆಸ್ಟರಾಲನ್ನು ಹೆಚ್ಚು ಏರಿಸುತ್ತದೆಂಬುದು ಸ್ಪಷ್ಟವಾಗಿತ್ತು. ಅದೇ ಮಾರ್ಗಸೂಚಿ ಪರ್ಯಾಪ್ತ ಕೊಬ್ಬು ಒಟ್ಟು ಶಕ್ತಿಯ ಶೇ. 10ನ್ನು ಮೀರಬಾರದೆಂದು ಹೇಳಿತು. ತಟ್ಟೆಯ ಕೊಲೆಸ್ಟರಾಲ್ ಬೇರೆ, ರಕ್ತದ ಕೊಲೆಸ್ಟರಾಲ್ ಬೇರೆ. ಸಂದೇಶ ಬರೆದ ಮಹಾನುಭಾವ ಈ ಎರಡನ್ನೂ ಬೇಕೆಂದೇ ಒಂದಾಗಿಸಿ, ಶೇ. 10ರ ಮಾತನ್ನು ನುಂಗಿ, ‘ಅಮೆರಿಕ ತಪ್ಪೊಪ್ಪಿಕೊಂಡಿದೆ’ ಎಂದು ಬರೆದ. ಮೊಟ್ಟೆಗೆ ಸಿಕ್ಕ ಬಿಡುಗಡೆಯನ್ನು ತುಪ್ಪಕ್ಕೂ ತುಪ್ಪದಿಂದ ಮಾತ್ರೆಗೂ ವರ್ಗಾಯಿಸಿದ.

ರಕ್ತದಲ್ಲಿ ಎಲ್‌ಡಿಎಲ್ ಏರಿದರೆ ನಿಜಕ್ಕೂ ಅಪಾಯವೇ? 1913ರಲ್ಲಿ ರಷ್ಯದ ನಿಕೊಲಾಯ್ ಅನಿಚ್ಕೊವ್ ಮೊಲಗಳಿಗೆ ಕೊಲೆಸ್ಟರಾಲ್ ತಿನ್ನಿಸಿ ಅವುಗಳ ರಕ್ತನಾಳಗಳು ಕಟ್ಟುವುದನ್ನು ತೋರಿಸಿದಾಗ, ಹುಲ್ಲು ಮೇಯುವ ಮೊಲದ ಕಥೆ ಮನುಷ್ಯನಿಗೇಕೆ ಎಂದು ಕೇಳಿದವರಿದ್ದರು. ನ್ಯಾಯವಾದ ಪ್ರಶ್ನೆ. ಉತ್ತರ ಬಂದದ್ದು ಮೊಲಗಳಿಂದಲ್ಲ, ಮಕ್ಕಳಿಂದ. ರಕ್ತವೆಂದರೆ ಬಹುಪಾಲು ನೀರು. ಜಿಡ್ಡು ನೀರಿನಲ್ಲಿ ಕರಗದು. ಹಾಗಾಗಿ ದೇಹ ಅದನ್ನು ಪ್ರೋಟೀನಿನ ಹೊದಿಕೆಯುಳ್ಳ ಪುಟ್ಟ ಮೂಟೆಗಳಲ್ಲಿ ಕಟ್ಟಿ ಸಾಗಿಸುತ್ತದೆ. ಎಲ್‌ಡಿಎಲ್ ಅಂಥ ಮೂಟೆ. ಯಕೃತ್ತಿನ ಕೋಶಗಳ ಮೇಲೆ ಅದನ್ನು ಹಿಡಿದು ಒಳಗೆಳೆದುಕೊಳ್ಳುವ ಗ್ರಾಹಕಗಳಿವೆ. ಹುಟ್ಟಿನಿಂದಲೇ ಈ ಗ್ರಾಹಕಗಳ ದೋಷವಿರುವ ಕುಟುಂಬಗಳಿವೆ. ತಂದೆತಾಯಿ ಇಬ್ಬರಿಂದಲೂ ದೋಷ ಪಡೆದ ಮಕ್ಕಳ ರಕ್ತದಲ್ಲಿ ಎಲ್‌ಡಿಎಲ್ ಮೂಟೆಗಳು ತುಂಬಿ ತುಳುಕುತ್ತವೆ. ಅವರಿಗೆ ಬಾಲ್ಯದಲ್ಲೇ ಹೃದಯಾಘಾತವಾಗುವುದುಂಟು. ಬೀಡಿ ಸೇದದ, ಸಾಲದ ಚಿಂತೆಯಿಲ್ಲದ, ಶಾಲೆಗೆ ಹೋಗುವ ಮಗುವಿಗೆ. ಈ ಗ್ರಾಹಕವನ್ನು ಕಂಡುಹಿಡಿದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೈನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ಜಪಾನಿನ ಅಕಿರಾ ಎಂಡೊ 1970ರ ದಶಕದಲ್ಲಿ ಒಂದು ಬೂಷ್ಟಿನಿಂದ ಬೇರ್ಪಡಿಸಿದ ವಸ್ತುವಿನಿಂದ ಶುರುವಾದ ಸ್ಟ್ಯಾಟಿನ್, ಯಕೃತ್ತಿನ ಕೊಲೆಸ್ಟರಾಲ್ ತಯಾರಿಕೆಯನ್ನು ತಗ್ಗಿಸಿ ಈ ಗ್ರಾಹಕಗಳು ಹೆಚ್ಚುವಂತೆ ಮಾಡುತ್ತದೆ. ಅದಕ್ಕೆ ಅಡ್ಡಪರಿಣಾಮಗಳಿಲ್ಲವೆಂದು ನಾವು ಹೇಳುವುದಿಲ್ಲ. ಅದು ವೈದ್ಯರೊಡನೆ ಕೂತು ಮಾತಾಡಬೇಕಾದ ವಿಷಯ. ಆದರೆ ಸ್ಟೆಂಟ್ ಹಾಕಿಸಿಕೊಂಡವರಿಗೆ ‘ಮಾತ್ರೆ ಬಿಸಾಡಿ’ ಎನ್ನುವುದು ಅಭಿಪ್ರಾಯ ಸ್ವಾತಂತ್ರ್ಯವಲ್ಲ, ಅಪರಾಧ.

‘ಅಜ್ಜಿ ತುಪ್ಪ ತಿಂದು ತೊಂಬತ್ತೈದು ವರ್ಷ ಬದುಕಿದಳು’ ಎನ್ನುವವರಿಗೊಂದು ಮಾತು. ಬದುಕಿದ ಅಜ್ಜಿಯ ಸುದ್ದಿ ಎಲ್ಲರಿಗೂ ಗೊತ್ತು; ಐವತ್ತಕ್ಕೇ ಜಗಲಿಯ ಮೇಲೆ ಕುಸಿದುಬಿದ್ದ ಅಜ್ಜನ ಸುದ್ದಿಯನ್ನು ಯಾರೂ ಎತ್ತುವುದಿಲ್ಲ. ಸ್ವಾತಂತ್ರ್ಯದ ಹೊತ್ತಿಗೆ ಭಾರತೀಯರ ಸರಾಸರಿ ಆಯುಸ್ಸು 32 ವರ್ಷದ ಆಸುಪಾಸಿನಲ್ಲಿತ್ತು. ಬಹುಮಂದಿ ಹೃದ್ರೋಗದ ವಯಸ್ಸನ್ನೇ ತಲುಪುತ್ತಿರಲಿಲ್ಲ. ಅದೂ ಅಲ್ಲದೆ ಅಜ್ಜಿಯ ತುಪ್ಪ ಹಬ್ಬದ ಹೋಳಿಗೆಯ ಮೇಲಿನ ಮಿಳ್ಳೆಯ ತುಪ್ಪ. ಆಕೆ ಭತ್ತ ಕುಟ್ಟಿದಳು, ನೀರು ಸೇದಿದಳು. ಲಿಫ್ಟಿನಲ್ಲಿ ಹದಿನಾರನೆಯ ಮಹಡಿಗೆ ಏರುವ ನಾವು ಅಜ್ಜಿಯ ಚಮಚವನ್ನು ಮಾತ್ರ ಆನುವಂಶಿಕವಾಗಿ ಪಡೆಯಲು ಹೊರಟಿದ್ದೇವೆ. ಒಂದು ದೊಡ್ಡ ಚಮಚ ತುಪ್ಪದಲ್ಲಿ ಪರ್ಯಾಪ್ತ ಕೊಬ್ಬು ಸುಮಾರು 9 ಗ್ರಾಂ. ದಿನಕ್ಕೆ 2000 ಕ್ಯಾಲೊರಿ ಉಣ್ಣುವವರಿಗೆ ಶೇ. 10ರ ಮಿತಿಯೆಂದರೆ 22 ಗ್ರಾಂ. ಹಾಲು, ಕಾಯಿ, ಸಂಜೆಯ ಬಿಸ್ಕತ್ತು ಎಲ್ಲವೂ ಅದರೊಳಗೇ ಬರಬೇಕು. ಬಿಸಿ ಅನ್ನಕ್ಕೆ ಒಂದು ಪುಟ್ಟ ಚಮಚ ತುಪ್ಪ ಹಾಕಿಕೊಂಡವನನ್ನು ಪಾಪಿಯೆಂದು ನೋಡಬೇಕಾಗಿಲ್ಲ; ಬೆಳಗ್ಗೆ ಎದ್ದು ಕಾಫಿಗೆ ತುಪ್ಪ ಕದಡಿ ಕುಡಿಯುವವನನ್ನು ಋಷಿಯೆಂದೂ ನೋಡಬೇಕಾಗಿಲ್ಲ. ಕೊಬ್ಬರಿ ಎಣ್ಣೆಯ ಅಭಿಮಾನಿಗಳಿಗೂ ಇದೇ ಉತ್ತರ. ಮಧ್ಯಮ ಸರಪಳಿಯ ಕೊಬ್ಬಿನ ಗುಣಗಾನವೆಲ್ಲ ಎಂಟು, ಹತ್ತು ಇಂಗಾಲದ ಸರಪಳಿಗಳ ಮೇಲೆ ನಡೆದ ಪ್ರಯೋಗಗಳಿಂದ ಬಂದದ್ದು. ಕೊಬ್ಬರಿ ಎಣ್ಣೆಯಲ್ಲಿ ಹೆಚ್ಚಾಗಿರುವುದು ಹನ್ನೆರಡು ಇಂಗಾಲದ ಲಾರಿಕ್ ಆಮ್ಲ, ಅದು ಎಲ್‌ಡಿಎಲ್ ಏರಿಸುತ್ತದೆ. ಕರಾವಳಿಯ ಗಸಿಯ ರುಚಿಗೆ ಅದು ಬೇಕು, ಒಪ್ಪಿದೆವು. ರುಚಿಯೆಂದೇ ಹೇಳೋಣ, ಮದ್ದು ಎನ್ನುವುದು ಬೇಡ.

ಹೀಗೆಂದ ಮಾತ್ರಕ್ಕೆ ನಿರ್ಜಿಡ್ಡಿನ ಪಂಥದವರು ಬೀಗಬೇಕಾಗಿಲ್ಲ. ಅವರ ಅಜ್ಞಾನ ಹೆಚ್ಚು ದುಬಾರಿಯದು, ಏಕೆಂದರೆ ಅದನ್ನು ಅಂಗಡಿಯಿಂದ ಕೊಂಡು ತಂದಿದ್ದಾರೆ. ಶೇಂಗಾ ಎಣ್ಣೆಯ ಡಬ್ಬಿಯ ಮೇಲೆ ‘ಕೊಲೆಸ್ಟರಾಲ್ ರಹಿತ’ ಎಂದು ಅಚ್ಚುಹಾಕಿರುವುದನ್ನು ಕಂಡು ಹತ್ತು ರೂಪಾಯಿ ಹೆಚ್ಚು ಕೊಟ್ಟವರು ನಮ್ಮಲ್ಲಿ ಎಷ್ಟು ಮಂದಿ? ಕೊಲೆಸ್ಟರಾಲ್ ಪ್ರಾಣಿಮೂಲದ ವಸ್ತು. ಲೆಕ್ಕಕ್ಕೆ ಸಿಗುವಷ್ಟು ಯಾವ ಸಸ್ಯದ ಎಣ್ಣೆಯಲ್ಲೂ ಅದಿಲ್ಲ. ಬಾಳೆಹಣ್ಣಿನ ಮೇಲೆ ‘ಮುಳ್ಳುರಹಿತ’ ಎಂದು ಚೀಟಿ ಅಂಟಿಸಿದಂತೆ ಇದು. ಸುಳ್ಳಲ್ಲ, ಆದರೆ ಆ ನಿಜವನ್ನು ಹೇಳುವ ಉದ್ದೇಶ ಮೋಸ. ತಾಳೆ ಎಣ್ಣೆಯೂ ಕೊಲೆಸ್ಟರಾಲ್ ರಹಿತವೇ. ವನಸ್ಪತಿಯೂ ಕೊಲೆಸ್ಟರಾಲ್ ರಹಿತವೇ!

ವನಸ್ಪತಿಯ ಕಥೆಯನ್ನು ಮುಂಬಯಿಯ ಓದುಗರು ತಮ್ಮ ಊರಿನ ಕಥೆಯಾಗಿಯೇ ಓದಬಹುದು. ದ್ರವ ಎಣ್ಣೆಗೆ ಜಲಜನಕ ಹಾಯಿಸಿ ಗಟ್ಟಿ ಮಾಡುವ ವಿಧಾನಕ್ಕೆ ಜರ್ಮನಿಯ ವಿಲ್‌ಹೆಲ್ಮ್ ನಾರ್ಮನ್ 1902ರಲ್ಲಿ ಪೇಟೆಂಟ್ ಪಡೆದ. ಮೂವತ್ತರ ದಶಕದಲ್ಲಿ ಶಿವಡಿಯಲ್ಲಿ ಕಾರ್ಖಾನೆ ಎದ್ದಿತು. 1937ರಲ್ಲಿ ಡಾಲ್ಡಾ ಮಾರುಕಟ್ಟೆಗೆ ಬಂತು. ತುಪ್ಪ ಕೊಳ್ಳಲಾರದ ಮನೆಗಳಿಗೆ ಅದು ತುಪ್ಪದ ವೇಷದಲ್ಲಿ ಒದಗಿತು. ಆದರೆ ಈ ಕ್ರಿಯೆ ಅರೆಬರೆಯಾಗಿ ನಡೆದಾಗ ಉಳಿದ ದ್ವಿಬಂಧಗಳಲ್ಲಿ ಕೆಲವು ಸೊಟ್ಟವಾಗಿರದೆ ನೆಟ್ಟಗಾಗುತ್ತವೆ. ಇದೇ ಟ್ರಾನ್ಸ್ ಕೊಬ್ಬು. ಸೊಟ್ಟ ಕೊಂಬೆ ನೇರ ಕಟ್ಟಿಗೆಯ ವೇಷ ಹಾಕಿದಂತೆ. ಅದು ಎಲ್‌ಡಿಎಲ್ ಏರಿಸುವುದಷ್ಟೇ ಅಲ್ಲ, ಎಚ್‌ಡಿಎಲ್ ಅನ್ನೂ ಇಳಿಸುತ್ತದೆ. ಇಷ್ಟು ತಿಳಿದ ಮೇಲೂ ಕಾನೂನು ಬಿಗಿಯಾಗಲು ದಶಕಗಳು ಬೇಕಾದವು: ಎಣ್ಣೆ ಮತ್ತು ಕೊಬ್ಬುಗಳಲ್ಲಿ ಟ್ರಾನ್ಸ್ ಅಂಶ ಶೇ. 2ನ್ನು ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2022ರ ಜನವರಿಯಲ್ಲಿ. ಅಲ್ಲಿಯವರೆಗೆ ಖಾರಿ ಬಿಸ್ಕತ್ತಿನಲ್ಲಿ, ಬೇಕರಿಯ ಪಫ್‌ನಲ್ಲಿ ನಾವು ತಿಂದದ್ದಕ್ಕೆ ಲೆಕ್ಕ ಇಟ್ಟವರಾರು?

ಎಣ್ಣೆಯನ್ನೇ ಬಿಟ್ಟರೆ ಕ್ಷೇಮವಲ್ಲವೇ ಎಂಬುದು ಈ ಪಂಥದ ಮುಂದಿನ ಪಟ್ಟು. ಅಲ್ಲ. 1929ರಲ್ಲಿ ಜಾರ್ಜ್ ಮತ್ತು ಮಿಲ್ಡ್ರೆಡ್ ಬರ್ ದಂಪತಿ ಕೊಬ್ಬನ್ನೇ ತೆಗೆದ ಆಹಾರವನ್ನು ಇಲಿಗಳಿಗೆ ತಿನ್ನಿಸಿದಾಗ ಅವುಗಳ ಚರ್ಮ ಹೊಪ್ಪಳಿಸಿತು, ಬೆಳವಣಿಗೆ ನಿಂತಿತು, ಕೊನೆಗೆ ಅವು ಸತ್ತವು. ಲಿನೊಲಿಯಿಕ್ ಮತ್ತು ಆಲ್ಫಾ ಲಿನೊಲೆನಿಕ್ ಎಂಬ ಎರಡು ಕೊಬ್ಬಿನಾಮ್ಲಗಳನ್ನು ನಮ್ಮ ದೇಹ ತಯಾರಿಸಲಾರದು, ಉಂಡೇ ಪಡೆಯಬೇಕು. ವಿಟಮಿನ್ ಎ, ಡಿ, ಇ, ಕೆ ಮೈಗೆ ಹತ್ತಲು ಜಿಡ್ಡು ಬೇಕು. ಅದಕ್ಕಿಂತ ಮುಖ್ಯವಾದ ಪ್ರಶ್ನೆ: ಎಣ್ಣೆ ತೆಗೆದ ಜಾಗದಲ್ಲಿ ಏನು ಬಂತು? ನಮ್ಮ ಮನೆಗಳಲ್ಲಿ ಬಂದದ್ದು ಇನ್ನೊಂದು ಸೌಟು ಬಿಳಿ ಅನ್ನ, ಇನ್ನೆರಡು ಇಡ್ಲಿ. ಹೆಚ್ಚಾದ ಪಿಷ್ಟವನ್ನೂ ಸಕ್ಕರೆಯನ್ನೂ ಯಕೃತ್ತು ಕೊಬ್ಬಾಗಿಸಿ ಟ್ರೈಗ್ಲಿಸರೈಡ್ ರೂಪದಲ್ಲಿ ರಕ್ತಕ್ಕೆ ಬಿಡುತ್ತದೆ. ಚೆನ್ನೈನ ಮಧುಮೇಹ ತಜ್ಞರು ಮುನ್ನಡೆಸಿದ ಐಸಿಎಂಆರ್–ಇಂಡಿಯಾಬ್ ಸಮೀಕ್ಷೆಯ ಪ್ರಕಾರ ಭಾರತೀಯರ ಊಟದ ಶಕ್ತಿಯಲ್ಲಿ ಶೇ. 60ಕ್ಕೂ ಹೆಚ್ಚು ಬರುತ್ತಿರುವುದು ಶರ್ಕರಪಿಷ್ಟದಿಂದ. ಎಣ್ಣೆ ಮುಟ್ಟದವರ ರಕ್ತಪರೀಕ್ಷೆಯಲ್ಲಿ ಟ್ರೈಗ್ಲಿಸರೈಡ್ 300 ದಾಟಿರುವುದನ್ನು ಕಂಡು ಬೆರಗಾಗಬೇಕಾಗಿಲ್ಲ.

‘ನಾನು ತೆಳ್ಳಗಿದ್ದೇನೆ, ನನಗೇನು’ ಎನ್ನುವವರು ಪುಣೆಯ ವೈದ್ಯ ಚಿತ್ತರಂಜನ ಯಾಜ್ಞಿಕರ ಚಿತ್ರವನ್ನು ಹುಡುಕಿ ನೋಡಬೇಕು. 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅವರೂ ಲಂಡನ್ನಿನ ಜಾನ್ ಯುಡ್ಕಿನ್ನರೂ ಅಕ್ಕಪಕ್ಕ ನಿಂತ ಚಿತ್ರವೊಂದು ಪ್ರಕಟವಾಯಿತು. ಇಬ್ಬರ ಬಿಎಂಐ ಕೂಡ 22.3. ಆದರೆ ಯುಡ್ಕಿನ್ನರ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕರ ಮೈಯಲ್ಲಿ ಶೇ. 21.2. ತೂಕದ ಯಂತ್ರ ಇಬ್ಬರನ್ನೂ ಸಮಾನರೆಂದಿತು. ಒಳಗಿನ ಲೆಕ್ಕ ಬೇರೆಯೇ ಇತ್ತು. ಕಾಲು ಕೈ ಕಡ್ಡಿಯಂತಿದ್ದು ಹೊಟ್ಟೆ ಮಾತ್ರ ಮುಂದೆ ಬಂದಿರುವ ನಮ್ಮ ಪರಿಚಿತ ಆಕಾರಕ್ಕೆ ಇದಕ್ಕಿಂತ ಪ್ರಾಮಾಣಿಕವಾದ ಭಾವಚಿತ್ರ ಸಿಗದು. ಸಂಶೋಧಕ ತನ್ನನ್ನೇ ಉದಾಹರಣೆಯಾಗಿ ನಿಲ್ಲಿಸಿಕೊಂಡದ್ದು ನಮಗೆ ವಿಶೇಷವಾಗಿ ಹಿಡಿಸಿತು.

ಗಾಣದೆಣ್ಣೆಯ ಪುನರುಜ್ಜೀವನಕಾರರ ಬಗ್ಗೆ ಚುಟುಕಾಗಿ. ಗಾಣದ ಶೇಂಗಾ ಎಣ್ಣೆಯ ಘಮ ನಮಗೂ ಪ್ರಿಯ. ಆದರೆ ಅದರ ಕೊಬ್ಬಿನಾಮ್ಲಗಳು ಶುದ್ಧೀಕರಿಸಿದ ಶೇಂಗಾ ಎಣ್ಣೆಯಲ್ಲಿರುವವೇ. ಶುದ್ಧೀಕರಣದಲ್ಲಿ ಮುಖ್ಯವಾಗಿ ಕಳೆದುಹೋಗುವುದು ಬಣ್ಣ, ವಾಸನೆ, ವಿಟಮಿನ್ ‘ಇ’ಯ ಒಂದಿಷ್ಟು. ಸೀಲಿಲ್ಲದ ಎಣ್ಣೆಯೆಲ್ಲ ಸಾಚಾ ಎನ್ನುವವರು 1998ರ ಆಗಸ್ಟನ್ನು ನೆನೆಯಲಿ. ಹಳದಿ ಹೂವಿನ ಮುಳ್ಳುಗಿಡವಾದ ಆರ್ಜಿಮೋನ್‌ನ ಬೀಜದೆಣ್ಣೆ ಬೆರೆತ ಸಾಸಿವೆ ಎಣ್ಣೆಯಿಂದ ದೆಹಲಿಯಲ್ಲಿ ಜನರ ಕಾಲುಗಳು ಬಾತುಕೊಂಡವು, 60ಕ್ಕೂ ಹೆಚ್ಚು ಮಂದಿ ಸತ್ತರು.

ಹಾಗಾದರೆ ನೋಡಬೇಕಾದದ್ದು ಏನನ್ನು? ಯಾವ ಕೊಬ್ಬು, ಎಷ್ಟು, ಎಷ್ಟು ಸಲ ಕಾಯಿಸಿದ್ದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿ 2000 ಕ್ಯಾಲೊರಿಯ ಊಟಕ್ಕೆ 27 ಗ್ರಾಂ ಎಣ್ಣೆ-ಕೊಬ್ಬು ಸಾಕೆನ್ನುತ್ತದೆ. ನಾಲ್ವರು ವಯಸ್ಕರ ಮನೆಗೆ ಲೆಕ್ಕ ಹಾಕಿದರೆ ತುಪ್ಪ ಬೆಣ್ಣೆಗಳೂ ಸೇರಿ ತಿಂಗಳಿಗೆ ಸುಮಾರು ಮೂರೂವರೆ ಲೀಟರ್. ಕಿರಾಣಿ ಅಂಗಡಿಯ ಚೀಟಿ ನೋಡಿದರೆ ಪ್ರತಿಯೊಬ್ಬರ ನಿಜವೂ ಹೊರಬೀಳುತ್ತದೆ. ನಮ್ಮಲ್ಲಿ ಕೆಲವರು ನೋಡಿ ಸುಮ್ಮನಾದರು. ಕರಿದ ಎಣ್ಣೆಯನ್ನು ಮರುದಿನ, ಅದರ ಮರುದಿನ ಕಾಯಿಸುತ್ತ ಹೋದರೆ ಅದು ಒಡೆದು ಧ್ರುವೀಯ ಸಂಯುಕ್ತಗಳೆಂಬ ಹಾನಿಕರ ವಸ್ತುಗಳು ಸೇರಿಕೊಳ್ಳುತ್ತವೆ, ಅವು ಶೇ. 25 ದಾಟಿದ ಎಣ್ಣೆಯನ್ನು ಬಳಸುವಂತಿಲ್ಲವೆಂಬ ನಿಯಮ 2018ರಿಂದ ಇದೆ. ವಡಾಪಾವ್ ಗಾಡಿಯ ಬಾಣಲೆಯಲ್ಲಿ ಅದನ್ನು ಅಳೆದವರನ್ನು ನಾವಂತೂ ಕಂಡಿಲ್ಲ.

ಇನ್ನು ಒಮೆಗಾ-3. ಇಂಗ್ಲಿಷ್ ಪತ್ರಿಕೆಗಳ ಪಥ್ಯದ ಪಟ್ಟಿಯಲ್ಲಿ ಸಾಲ್ಮನ್ ಮೀನು, ಆಲಿವ್ ಎಣ್ಣೆ, ಅವಕಾಡೊ. ಓದಿದವರು ಕೊಂಡೂ ಬರುತ್ತಾರೆ, ಕೊಡಗಿನ ಹಿತ್ತಿಲ ಬೆಣ್ಣೆಹಣ್ಣೇ ಅದೆಂದು ಗೊತ್ತಿಲ್ಲದೆ. ಧಾರವಾಡದ ಕಡೆಯಿಂದ ಬಂದವರ ಡಬ್ಬಿಯಲ್ಲಿರುವ ಅಗಸಿ ಚಟ್ನಿಯ ಸುದ್ದಿ ಅಲ್ಲಿಲ್ಲ. ಅಗಸೆಯ ಎಣ್ಣೆಯಲ್ಲಿ ಅರ್ಧದಷ್ಟು ಆಲ್ಫಾ ಲಿನೊಲೆನಿಕ್ ಆಮ್ಲವೇ. ಕರಾವಳಿಯವರ ಬೂತಾಯಿ, ಬಂಗುಡೆಗಳು ಇದಕ್ಕೂ ಒಂದು ಹೆಜ್ಜೆ ಮುಂದೆ. ದೇಹ ನೇರವಾಗಿ ಬಳಸಬಲ್ಲ ರೂಪದಲ್ಲೇ ಒಮೆಗಾ-3 ಅವುಗಳಲ್ಲಿದೆ. ಹೊರನಾಡಿನ ಫ್ಲಾಟಿಗೆ ಬಂದ ಮೇಲೆ ಮೊದಲು ಬಿಟ್ಟುಹೋದದ್ದು ಇಂಥವೇ. ಬಾಡದೆ ಉಳಿದದ್ದು ಬೋಂಡ ಮತ್ತು ಮೈಸೂರುಪಾಕು.

ಕೊನೆಗೆ ನಮ್ಮ ಮೇಲಿನ ಆರೋಪಕ್ಕೇ ಮರಳುತ್ತೇವೆ. ಇವೆಲ್ಲವನ್ನೂ ಕನ್ನಡದಲ್ಲಿ ಹೇಳಲಾಗದೆಂಬ ನೆಪ ನಮಗಿಲ್ಲ. ಕಾರಂತರು ‘ವಿಜ್ಞಾನ ಪ್ರಪಂಚ’ವನ್ನು ಒಬ್ಬರೇ ಬರೆದರು. ಚೆನ್ನೈನ ಪ್ರೆಸಿಡೆನ್ಸಿ ಕಾಲೇಜಿನಲ್ಲಿದ್ದುಕೊಂಡೇ ಬಿ.ಜಿ.ಎಲ್. ಸ್ವಾಮಿಯವರು ಸಸ್ಯಶಾಸ್ತ್ರವನ್ನು ನಗಿಸಿದರು. ಅನುಪಮಾ ನಿರಂಜನರು ವೈದ್ಯೆಯಾಗಿ ದುಡಿಯುತ್ತಲೇ ಮನೆಮನೆಗೆ ತಲುಪುವ ಆರೋಗ್ಯದ ಪುಸ್ತಕಗಳನ್ನು ಕೊಟ್ಟರು. ಅವರ ಹೆಸರಿನಲ್ಲಿ ಸಭೆ ನಡೆಸಿ ಹಾರ ಹಾಕುವ ನಾವು, ಅವರು ಉತ್ತ ಹೊಲವನ್ನು ಅನಾಮಧೇಯ ಸಂದೇಶಗಳಿಗೆ ಗುತ್ತಿಗೆ ಕೊಟ್ಟಿದ್ದೇವೆ. ಒಂದು ವಚನದ ಪಾಠಾಂತರಕ್ಕೆ ಎರಡು ತಾಸು ವಾದಿಸುವ ಬಳಗ, ಒಬ್ಬರ ಜೀವಕ್ಕೆ ಸಂಬಂಧಿಸಿದ ಹನ್ನೆರಡು ಸಾಲಿಗೆ ಆಕರ ಯಾವುದೆಂದು ಕೇಳಲಿಲ್ಲ.

ಕಳೆದ ತಿಂಗಳ ಸಭೆಗೆ ಹಿರಿಯರು ಬಂದಿದ್ದರು. ಆ ಸಂದೇಶವನ್ನು ಗುಂಪಿಗೆ ಹಾಕಿದವರು ಎದ್ದು ಕ್ಷಮೆ ಕೇಳಲು ಹೊರಟಾಗ, ಅವರನ್ನು ಕೂರಿಸಿ, ಜೇಬಿನಿಂದ ತಮ್ಮ ರಕ್ತಪರೀಕ್ಷೆಯ ಹಾಳೆ ತೆಗೆದು, ‘ಇದರ ಒಂದೊಂದು ಸಾಲನ್ನೂ ಕನ್ನಡದಲ್ಲಿ ಬರೆದುಕೊಡಿ, ಅದೇ ನಿಮಗೆ ದಂಡ’ ಎಂದರು. ಎಂಟು ಸಾಲುಗಳಿದ್ದವು. ಮೂರನೆಯ ಸಾಲಿನ ವಿಎಲ್‌ಡಿಎಲ್‌ಗೆ ಬಂದು ನಿಂತಿದ್ದೇವೆ. ಮುಂದಿನ ಭಾನುವಾರ ಮತ್ತೆ ಕೂರುತ್ತೇವೆ.